ಮರಳಿನಲ್ಲಿ ಸಿಕ್ಕಿದ ಚೆಲುವೆ

ಮತ್ತಿಕೆರೆಯಿಂದ ಯಶವಂತಪುರದ ರೈಲು ನಿಲ್ದಾಣಕ್ಕೆ ಕಾಲ್ನಡಿಗೆಯಲ್ಲಿಯೇ ಹೋಗಿಬರಬಹುದು. ಗಾಡಿ ಹಿಡಿಯುವ ಅವಸರದಲ್ಲಿ ಆ ದಾರಿ ತುಳಿಯುವವರು ತಮ್ಮ ಕಾಲಡಿಯ ಮಣ್ಣಿನ ಪೂರ್ವಕಥೆಯನ್ನು ನೆನೆಯುವುದುಂಟೇ? ೧೮೯೧ರಲ್ಲಿ ಯಶವಂತಪುರದ ಬಳಿ ನೆಲದಡಿಯಿಂದ ಬೆಳ್ಳಿಯ ನಾಣ್ಯಗಳ ಒಂದು ನಿಕ್ಷೇಪ ಹೊರಬಂದಿತು. ಎಣಿಸಿದರೆ ೧೬೩ ನಾಣ್ಯಗಳು. ಅವುಗಳ ಮೇಲಿದ್ದುದು ಗಂಗರ ಆನೆಯೂ ಅಲ್ಲ, ಹೊಯ್ಸಳರ ಹುಲಿಯೂ ಅಲ್ಲ; ರೋಮ್ ಸಾಮ್ರಾಜ್ಯದ ಚಕ್ರವರ್ತಿಗಳ ಮುಖಗಳು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ ಕಾಲದ ಬೆಳ್ಳಿ, ಸಾವಿರಾರು ಮೈಲಿಗಳ ಕಡಲನ್ನೂ ಘಟ್ಟಗಳನ್ನೂ ದಾಟಿ, ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಸುಮಾರು ಹದಿನೆಂಟು ಶತಮಾನ ಮಲಗಿತ್ತು.

ನಾಣ್ಯ ಸತ್ಯವನ್ನೇ ಹೇಳುತ್ತದೆ. ಆದರೆ ಬಹಳ ಕಡಿಮೆ ಹೇಳುತ್ತದೆ. ಯಾವ ದೊರೆ, ಯಾವ ಕಾಲ ಎಂಬುದನ್ನು ಅದು ತಿಳಿಸೀತು. ಅದನ್ನು ಕೊಟ್ಟವರಾರು, ಕೊಂಡವರಾರು, ಅವರು ಯಾವ ನುಡಿಯಲ್ಲಿ ಚೌಕಾಶಿ ಮಾಡಿದರು, ಒಬ್ಬರನ್ನೊಬ್ಬರು ಕಂಡು ನಕ್ಕರೇ, ಅಂಜಿದರೇ, ಮೋಹಗೊಂಡರೇ ಎಂಬುದನ್ನು ಹೇಳುವ ನಾಲಗೆ ಬೆಳ್ಳಿಗಿಲ್ಲ. ಆ ಮಾತನ್ನು ಕೇಳಬೇಕಾದರೆ ಕನ್ನಡ ನಾಡನ್ನು ಬಿಟ್ಟು ಈಜಿಪ್ಟಿನ ಮರಳುಗಾಡಿಗೆ ಹೋಗಬೇಕು.

ಕೈರೋ ನಗರದ ದಕ್ಷಿಣಕ್ಕೆ ಸುಮಾರು ೧೬೦ ಕಿಲೋಮೀಟರು ದೂರದಲ್ಲಿ, ನೈಲ್ ನದಿಯ ಕವಲೊಂದರ ದಂಡೆಯಲ್ಲಿ ಬಹ್ನಸಾ ಎಂಬ ಹಳ್ಳಿಯುಂಟು. ಹಿಂದೆ ಇಲ್ಲಿ ಆಕ್ಸಿರಿಂಕಸ್ ಎಂಬ ದೊಡ್ಡ ಪಟ್ಟಣವಿತ್ತು. ಚೂಪು ಮೂತಿಯ ಒಂದು ಮೀನನ್ನು ಅಲ್ಲಿನ ಜನ ಪೂಜಿಸುತ್ತಿದ್ದರು. ಊರಿನ ಗ್ರೀಕ್ ಹೆಸರಿನ ಅರ್ಥವೂ ಅದೇ. ಆ ಪಟ್ಟಣದವರು ತಲೆತಲಾಂತರದಿಂದ ತಮ್ಮ ಕಸವನ್ನು ಊರಾಚೆಯ ಮರಳಿನಲ್ಲಿ ಸುರಿಯುತ್ತ ಬಂದರು. ತಿಪ್ಪೆಗಳು ಗುಡ್ಡಗಳಾದವು, ಗಾಳಿ ಅವುಗಳ ಮೇಲೆ ಮರಳನ್ನು ಹೊದಿಸಿತು. ಅಲ್ಲಿ ಮಳೆಯೆಂಬುದು ಇಲ್ಲವೆನ್ನುವಷ್ಟು ಅಪರೂಪವಾದುದರಿಂದ ನೀರು ಏರದ ಎತ್ತರದಲ್ಲಿ ಬಿದ್ದ ಕಾಗದಪತ್ರ ಕೊಳೆಯಲಿಲ್ಲ. ಕಾಗದವೆಂದರೆ ಇಂದಿನ ಕಾಗದವಲ್ಲ. ನೈಲ್ ನದಿಯ ಜೊಂಡಿನ ತಿರುಳನ್ನು ಸೀಳಿ, ಅಡ್ಡಡ್ಡ ಉದ್ದುದ್ದ ಒತ್ತಿ ಮಾಡಿದ ಪಪೈರಸ್ ಹಾಳೆ.

೧೮೯೬ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ಇಬ್ಬರು ತರುಣರು ಅಲ್ಲಿಗೆ ಬಂದಿಳಿದರು. ಬರ್ನಾರ್ಡ್ ಗ್ರೆನ್‌ಫೆಲ್‌ಗೆ ಆಗ ೨೭ ವರ್ಷ, ಆರ್ಥರ್ ಹಂಟ್‌ಗೆ ೨೫. ದೇವಾಲಯ, ಸಮಾಧಿ, ಬಂಗಾರ ಎಂದು ಇತರರು ಹುಡುಕುತ್ತಿದ್ದ ದಿನಗಳಲ್ಲಿ ಇವರು ತಿಪ್ಪೆ ಅಗೆಯಲು ನಿಂತರು. ಹುಲ್ಲು ಕಡ್ಡಿಗಳು ಬೆರೆತ ಹಗುರ ಮಣ್ಣನ್ನು ಅಲ್ಲಿನ ಕೂಲಿಗಳು ‘ಅಫ್ಶ್’ ಎಂದು ಕರೆಯುತ್ತಿದ್ದರು. ಆ ಮಣ್ಣು ಕಂಡಲ್ಲಿ ಹಾಳೆಗಳಿವೆಯೆಂದು ಲೆಕ್ಕ. ಬುಟ್ಟಿಬುಟ್ಟಿಯಾಗಿ ಹಾಳೆಗಳು ಬಂದವು: ತೆರಿಗೆಯ ರಸೀದಿ, ಮದುವೆಯ ಕರಾರು, ಮಗ ತಂದೆಗೆ ಬರೆದ ಓಲೆ, ಜಾತಕ, ಅವುಗಳ ನಡುವೆ ಕಳೆದುಹೋಗಿದ್ದ ಗ್ರೀಕ್ ಕವಿಗಳ ಸಾಲುಗಳು. ೧೯೦೭ರವರೆಗೆ ಆರು ಋತುಗಳಲ್ಲಿ ಅವರು ಸಂಗ್ರಹಿಸಿದ ಚೂರುಗಳ ಸಂಖ್ಯೆಯನ್ನು ಲಕ್ಷಗಳಲ್ಲಿ ಎಣಿಸಬೇಕು. ಅವುಗಳನ್ನು ಓದಿ ಪ್ರಕಟಿಸುವ ಕಾರ್ಯ ಒಂದು ಶತಮಾನ ಕಳೆದು ಎಂಬತ್ತಕ್ಕೂ ಹೆಚ್ಚು ಸಂಪುಟಗಳಾದ ಮೇಲೂ ಮುಗಿದಿಲ್ಲ.

ಆ ಸಂಪುಟಗಳಲ್ಲಿ ಮೂರನೆಯದು ೧೯೦೩ರಲ್ಲಿ ಹೊರಬಂದಿತು. ಅದರಲ್ಲಿನ ೪೧೩ನೆಯ ಸಂಖ್ಯೆಯ ಹಾಳೆಯೇ ಕನ್ನಡಿಗರ ಮನಸ್ಸನ್ನು ಇಂದಿಗೂ ಕಾಡುತ್ತಿರುವ ಚೆಲುವೆಯ ಮನೆ.

ಆ ಹಾಳೆಯಲ್ಲಿರುವುದು ರಂಗದ ಮೇಲೆ ಆಡುತ್ತಿದ್ದ ಗ್ರೀಕ್ ಪ್ರಹಸನ. ಬರಹ ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ಅಕ್ಷರಜ್ಞರ ಅಭಿಪ್ರಾಯ. ಕಥೆಯ ಆರಂಭ ಹರಿದುಹೋಗಿದೆ. ಉಳಿದುದರಿಂದ ವಿದ್ವಾಂಸರು ಕಥೆಯನ್ನು ಹೀಗೆ ಕೂಡಿಸಿದ್ದಾರೆ. ಖರಿತಿಯೊನ್ ಎಂಬ ಗ್ರೀಕ್ ತರುಣಿ ಭಾರತದ ಕಡಲ ತೀರದ ರಾಜನೊಬ್ಬನ ವಶದಲ್ಲಿದ್ದಾಳೆ. ಅವಳ ಹೆಸರು ಚೆಲುವು, ಲಾವಣ್ಯ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ನಮ್ಮಲ್ಲಿಯಾದರೆ ಚೆಲುವಿ ಎಂದು ಕರೆಯುತ್ತಿದ್ದೆವು. ಅವಳ ವಾಸ ದೇವಿಯ ಗುಡಿಯಲ್ಲಿ. ಅವಳು ಆ ದೇವಿಯ ಸೇವಕಿ. ಆದರೆ ರಾಜ ಅವಳನ್ನು ಚಂದ್ರದೇವತೆಗೆ ಬಲಿಗೊಡಲು ಎಣಿಸಿದ್ದಾನೆ. ಅಷ್ಟರಲ್ಲಿ ಅವಳ ಅಣ್ಣ ಹಡಗಿನಲ್ಲಿ ಬಂದಿದ್ದಾನೆ. ಜೊತೆಗೆ ಒಬ್ಬ ನಾವಿಕ, ಒಬ್ಬ ವಿದೂಷಕ.

ವಿದೂಷಕನೆಂದರೆ ಯಕ್ಷಗಾನದ ಹಾಸ್ಯಗಾರನಂತೆ ಎಲ್ಲಿಯೂ ನುಗ್ಗಬಲ್ಲವನು. ಬಿಲ್ಲುಬಾಣ ಹಿಡಿದು ಬೇಟೆಯಿಂದ ಮರಳಿದ ಆ ನಾಡಿನ ಹೆಂಗಸರು ಅವನ ಮೇಲೆ ಏರಿಬರುತ್ತಾರೆ. ಅವರನ್ನು ಅವನು ಓಡಿಸುವ ಅಸ್ತ್ರ ಮಾತ್ರ ಯಾವ ಧನುರ್ವೇದದಲ್ಲಿಯೂ ಇಲ್ಲದ್ದು. ಅದು ಅವನ ಅಪಾನವಾಯು! ಮರ್ಯಾದಸ್ಥ ಮನೆಯ ಪಡಸಾಲೆಯಲ್ಲಿ ಓದಲು ಸಂಕೋಚವೆನಿಸುವ ಆ ಸದ್ದು ಎಲ್ಲೆಲ್ಲಿ ಬರಬೇಕೆಂಬುದನ್ನು ಹಾಳೆಯಲ್ಲಿ ಗುರುತು ಹಾಕಿ ತೋರಿಸಿದೆ. ಮದ್ದಳೆ, ತಾಳಗಳಂಥ ವಾದ್ಯಗಳು ಎಲ್ಲೆಲ್ಲಿ ಮೊಳಗಬೇಕೆಂಬುದಕ್ಕೂ ಗುರುತುಗಳಿವೆ. ಆದುದರಿಂದ ಇದು ಯಾರೋ ಪಂಡಿತನ ಕಪಾಟಿನಲ್ಲಿದ್ದ ಗ್ರಂಥವಲ್ಲ. ಮೇಳದವರ ಕೈಯಲ್ಲಿ ಬಳಕೆಯಾದ ಪ್ರತಿಯಂತೆ ತೋರುತ್ತದೆ.

ಬಿಡುಗಡೆಯ ಉಪಾಯ ಮದ್ಯದ್ದು. ಈ ನಾಡಿನಲ್ಲಿ ದ್ರಾಕ್ಷಾರಸ ಮಾರಾಟಕ್ಕೆ ಸಿಗುವುದಿಲ್ಲ, ರೂಢಿಯಿಲ್ಲದ ಇವರು ಸಿಕ್ಕಾಗ ನೀರು ಬೆರೆಸದೆಯೇ ಕುಡಿಯುತ್ತಾರೆ ಎಂದು ಗ್ರೀಕರು ಲೆಕ್ಕ ಹಾಕುತ್ತಾರೆ. ಗ್ರೀಕರ ಮರ್ಯಾದೆಯ ಪ್ರಕಾರ ದ್ರಾಕ್ಷಾರಸಕ್ಕೆ ನೀರು ಬೆರೆಸದೆ ಕುಡಿಯುವುದು ಕಾಡುಜನರ ಲಕ್ಷಣ. ಪಾತ್ರೆಗಳು ತುಂಬುತ್ತವೆ, ಬರಿದಾಗುತ್ತವೆ. ವಾದ್ಯಗಳ ಬಡಿತ ಏರುತ್ತದೆ. ಅಮಲೇರಿದ ರಾಜ ಚಂದ್ರದೇವತೆಯನ್ನು ಹೊಗಳುತ್ತ, ತನ್ನ ನಾಯಕರನ್ನು ಕೂಗಿ ಕರೆಯುತ್ತ, ಗೆಜ್ಜೆ ಕಟ್ಟದ ಕಾಲುಗಳಲ್ಲಿ ಕುಣಿಯತೊಡಗುತ್ತಾನೆ. ಗುಡಿಯ ನೆರಳಿನಲ್ಲಿ ಬಂದಿನಿಯಾದ ಸುಂದರಿ, ಎದುರಿಗೆ ಮದ್ಯದಿಂದಲೂ ಲಯದಿಂದಲೂ ಮೈಮರೆತ ದೊರೆ, ಹೊರಗೆ ಹಾಯಿ ಬಿಚ್ಚಲು ಕಾದಿರುವ ಹಡಗು! ಯಾವ ಧಾರಾವಾಹಿಯ ಲೇಖಕನಾದರೂ ಹೊಟ್ಟೆಕಿಚ್ಚು ಪಡಬೇಕಾದ ಸನ್ನಿವೇಶವಿದು. ರಾಜ ಬೀಳುತ್ತಾನೆ, ಅವನನ್ನು ಕಟ್ಟುತ್ತಾರೆ, ನಡುಗುತ್ತ ಹೊರಡುವ ಖರಿತಿಯೊನ್ ಅದೇ ದೇವಿಯನ್ನು ಕರುಣೆಗಾಗಿ ಬೇಡಿಕೊಳ್ಳುತ್ತಾಳೆ.

ಕಥೆಯ ಹೂರಣ ಹೊಸದಲ್ಲ. ಪರದೇಶದ ಗುಡಿಯಲ್ಲಿ ಸಿಕ್ಕಿಬಿದ್ದ ಅಕ್ಕನನ್ನು ತಮ್ಮ ಬಿಡಿಸಿ ತರುವ ಕಥೆಯನ್ನು ಯೂರಿಪಿಡೀಸ್ ಇದಕ್ಕಿಂತ ಐದಾರು ಶತಮಾನ ಹಿಂದೆಯೇ ಇಫಿಜೀನಿಯಳ ನಾಟಕವಾಗಿ ಬರೆದಿದ್ದನು. ಆದರೆ ಈ ಪ್ರಹಸನಕಾರ ಕಥೆಯನ್ನು ತಂದು ಭಾರತದ ತೀರದಲ್ಲಿ ನಿಲ್ಲಿಸಿದುದಕ್ಕೆ ಕಾರಣವಿತ್ತು. ಅಂದು ಈಜಿಪ್ಟಿನ ಜನಕ್ಕೆ ಭಾರತವೆಂದರೆ ಬರಿಯ ಕಟ್ಟುಕಥೆಯಾಗಿರಲಿಲ್ಲ. ಸರಕು ಹೊತ್ತ ಒಂಟೆಗಳು ನೈಲ್ ನದಿಯ ಕಾಪ್ಟಸ್ ಪಟ್ಟಣದಿಂದ ಬೇಗೆಗೆ ಅಂಜಿ ರಾತ್ರಿಯ ಹೊತ್ತು ಪಯಣಿಸುತ್ತ, ಹನ್ನೆರಡನೆಯ ದಿನ ಕೆಂಪು ಸಮುದ್ರದ ಬೆರೆನೀಕೆ ಬಂದರನ್ನು ಸೇರುತ್ತಿದ್ದವೆಂದು ಪ್ಲಿನಿ ಬರೆದಿದ್ದಾನೆ. ಅಲ್ಲಿಂದ ಮುಂಗಾರಿನ ಗಾಳಿ ಹಿಡಿದು ಹಡಗುಗಳು ನಮ್ಮ ಪಡುವಣ ತೀರಕ್ಕೆ ಬರುತ್ತಿದ್ದವು. ಆ ತೀರದಲ್ಲಿ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರ ಕಾಟವೆಂದೂ ಅವನು ಎಚ್ಚರಿಸುತ್ತಾನೆ. ಆ ಹೆಸರಿನಲ್ಲಿ ನೇತ್ರಾವತಿ ನದಿಯನ್ನು ಕಂಡ ವಿದ್ವಾಂಸರುಂಟು.

ಅದೇ ಮೊದಲನೆಯ ಶತಮಾನದಲ್ಲಿ ಗ್ರೀಕ್ ವರ್ತಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿಯಲ್ಲಿ ಇನ್ನೊಂದು ಮಾತುಂಟು. ಗುಜರಾತಿನ ಭರುಕಚ್ಛ ಬಂದರಿಗೆ ಅಲ್ಲಿನ ರಾಜನಿಗಾಗಿ ತರಬೇಕಾದ ಸರಕಿನ ಪಟ್ಟಿ ಅದು: ಬೆಲೆಬಾಳುವ ಬೆಳ್ಳಿಯ ಪಾತ್ರೆಗಳು, ಹಾಡುವ ಹುಡುಗರು, ಅಂತಃಪುರಕ್ಕೆ ಸುಂದರ ಕನ್ಯೆಯರು, ಉತ್ತಮ ಮದ್ಯ. ಬೆಳ್ಳಿ, ಮದ್ಯಗಳ ನಡುವೆ ಕನ್ಯೆಯರು ಒಂದು ಸರಕು! ಪ್ರಹಸನವನ್ನು ನೋಡಿ ನಕ್ಕ ಆಕ್ಸಿರಿಂಕಸ್ಸಿನ ಜನಕ್ಕೆ ಖರಿತಿಯೊನ್ ಕಟ್ಟುಕಥೆಯ ಗೊಂಬೆಯಾಗಿರಬಹುದು. ಆದರೆ ಅವಳಂತೆ ಹಡಗೇರಿಸಲ್ಪಟ್ಟು, ಅಣ್ಣನೂ ಬಾರದೆ, ಹೆಸರೂ ಉಳಿಯದೆ ಹೋದ ಹುಡುಗಿಯರು ನಿಜವಾಗಿಯೂ ಇದ್ದರು. ಇತಿಹಾಸದ ಪ್ರಣಯಕಥೆಗಳನ್ನು ಓದಿ ಪುಲಕಗೊಳ್ಳುವಾಗ ಈ ಪಟ್ಟಿಯ ನೆನಪೂ ಇರುವುದು ಒಳ್ಳೆಯದು.

ಇನ್ನು ಕನ್ನಡದ ಮಾತು. ಪ್ರಹಸನದ ರಾಜನೂ ಅವನ ಪರಿವಾರವೂ ಕೆಲವೆಡೆ ಗ್ರೀಕ್ ಅಲ್ಲದ ನುಡಿಯನ್ನಾಡುತ್ತಾರೆ. ಗ್ರೀಕ್ ಲಿಪಿಯಲ್ಲಿ ಪದಗಳನ್ನು ಬಿಡಿಸದೆ ಬರೆದಿರುವ ಆ ಮಾತುಗಳು ಮೊದಲು ಯಾರಿಗೂ ಅರ್ಥವಾಗಲಿಲ್ಲ. ೧೯೦೪ರಲ್ಲಿ ಜರ್ಮನಿಯ ಯೂಜೆನ್ ಹುಲ್ಷ್ ಅವರು ಇದು ಕನ್ನಡವೆಂದು ಸಾರಿದರು. ಹುಲ್ಷ್ ಹಗುರ ಮನುಷ್ಯರಲ್ಲ; ಮದ್ರಾಸ್ ಸರಕಾರದ ಶಾಸನತಜ್ಞರಾಗಿ ದಕ್ಷಿಣದ ಕಲ್ಲುಗಳನ್ನು ವರ್ಷಗಟ್ಟಲೆ ಓದಿದವರು. ಸನ್ನಿವೇಶ ಮದ್ಯಪಾನದ್ದು, ರಾಜನ ಮಾತಿನ ಬೆನ್ನಿಗೆ ಗ್ರೀಕ್ ಪಾತ್ರವೊಂದು ಅದರ ತಾತ್ಪರ್ಯ ಹೇಳುವ ಎಡೆಗಳೂ ಇವೆ. ಆ ಬೆಳಕಿನಲ್ಲಿ ಅವರು ‘ಬೇರೆ’, ‘ಕೊಂಚ’, ‘ಪಾತ್ರ’, ‘ಮಧು’, ‘ಪಾನ’ ಎಂಬ ಶಬ್ದಗಳನ್ನು ಬಿಡಿಸಿ ತೋರಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ಓದನ್ನು ಮುಂದುವರಿಸಿದರು. ತುಳುನಾಡಿನ ಇತಿಹಾಸ ಬರೆದ ಬಿ. ಎ. ಸಾಲೆತೊರೆ ಅವರೂ, ಕಾಸರಗೋಡು ಸೀಮೆಯ ಮಂಜೇಶ್ವರದ ಕವಿ ಎಂ. ಗೋವಿಂದ ಪೈಗಳೂ ಇದರ ಬೆನ್ನುಹತ್ತಿದರು. ರಾಜನ ಮಾತಿನಲ್ಲಿ ‘ಮಲ್ಪಿ’ ಎಂಬ ಧ್ವನಿಯಿರುವುದರಿಂದ ನಾಟಕ ನಡೆದುದು ಉಡುಪಿಯ ಬಳಿಯ ಮಲ್ಪೆಯಲ್ಲಿಯೇ ಎಂಬ ವಾದವೂ ಹುಟ್ಟಿತು.

ಇದು ಎಂಥ ಹಿಗ್ಗಿನ ಸುದ್ದಿ! ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಸುಮಾರು ಕ್ರಿ. ಶ. ೪೫೦ರದು. ತಾಳಗುಂದದಲ್ಲಿ ಈಚೆಗೆ ದೊರೆತ ಸಿಂಹಕಟಾಂಜನ ಶಾಸನವನ್ನು ಸುಮಾರು ೩೭೦ರದೆನ್ನುವವರಿದ್ದಾರೆ. ಪಪೈರಸ್ಸಿನ ನುಡಿ ಕನ್ನಡವಾದರೆ ಅದು ಇವೆರಡಕ್ಕಿಂತಲೂ ಹಿರಿದು. ಕನ್ನಡ ವಾಕ್ಯದ ಅತಿ ಹಳೆಯ ದಾಖಲೆ ನೈಲ್ ನದಿಯ ದಂಡೆಯಲ್ಲಿದೆಯೆಂದಾಯಿತು! ರಾಜ್ಯೋತ್ಸವದ ವೇದಿಕೆಗಳಲ್ಲಿ ಈ ಮಾತು ಎಷ್ಟೋ ಬಾರಿ ಚಪ್ಪಾಳೆ ಗಿಟ್ಟಿಸಿದೆ.

ಆದರೆ ಚಪ್ಪಾಳೆ ನಿಂತ ಮೇಲೆ ಕೇಳಬೇಕಾದ ಪ್ರಶ್ನೆಗಳುಂಟು. ೧೯೨೬ರಲ್ಲಿಯೇ ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸರು ಈ ಕನ್ನಡದ ಓದನ್ನು ಒಪ್ಪಲಾಗದೆಂದು ಬರೆದರು. ಸಂಶಯಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಪಾತ್ರ, ಮಧು, ಪಾನ ಇವು ಸಂಸ್ಕೃತ ಶಬ್ದಗಳು. ಭಾರತದ ಯಾವ ಭಾಷೆಯ ಬಾಯಲ್ಲಿಯೂ ಬರಬಹುದು. ಕನ್ನಡದ ಗುರುತೆಂದು ಉಳಿಯುವುದು ‘ಬೇರೆ’, ‘ಕೊಂಚ’ಗಳಂಥ ಕೆಲವು ಮಾತ್ರ. ಆ ರೂಪಗಳು ಎರಡನೆಯ ಶತಮಾನದಲ್ಲಿ ಹೀಗೆಯೇ ಇದ್ದವೆನ್ನಲು ಹೋಲಿಸಿ ನೋಡುವ ಕನ್ನಡ ಬರಹ ಆ ಕಾಲದ್ದು ಒಂದೂ ಇಲ್ಲ. ಪದಗಳ ನಡುವೆ ತೆರಪಿಲ್ಲದ ಸಾಲನ್ನು ಓದುಗನು ತನಗೆ ಬೇಕಾದಲ್ಲಿ ಮುರಿದುಕೊಳ್ಳಬಹುದು. ಮುರಿದ ಮೇಲೂ ಅಕ್ಷರಗಳನ್ನು ತಿದ್ದಬೇಕಾಗುತ್ತದೆ. ಗ್ರೀಕ್ ಲಿಪಿಕಾರನು ತಾನು ಅರಿಯದ ನುಡಿಯನ್ನು ಪ್ರತಿಮಾಡುವಾಗ ಎಷ್ಟು ಕೆಡಿಸಿರಬಹುದೋ ಬಲ್ಲವರಾರು?

ಮೇಲಾಗಿ ಒಂದೇ ಧ್ವನಿ ಬೇರೆ ಬೇರೆ ಕಿವಿಗಳಿಗೆ ಬೇರೆ ಬೇರೆಯಾಗಿ ಕೇಳುತ್ತದೆ. ‘ಮಲ್ಪಿ’ ಎಂದರೆ ಒಬ್ಬರಿಗೆ ಮಲ್ಪೆ ಬಂದರು. ತುಳುವರ ಕಿವಿಗೆ ಅದು ಮಾಡು ಎಂಬ ಅರ್ಥದ ‘ಮಲ್ಪು’ ಆಗಬಾರದೇಕೆ? ಈ ನುಡಿ ಕನ್ನಡವಲ್ಲ, ತುಳುವೇ ಎಂಬ ವಾದವನ್ನು ೧೯೮೦ರ ದಶಕದಲ್ಲಿ ವಿದ್ವಾಂಸರು ಮುಂದಿಟ್ಟುದೂ ಉಂಟು. ಇನ್ನು ಕೆಲವರ ಪ್ರಕಾರ ಇದು ಯಾವ ಭಾಷೆಯೂ ಅಲ್ಲ, ನಗಿಸಲೆಂದೇ ಹೊಸೆದ ಗದ್ದಲ. ನಮ್ಮ ಕಂಪನಿ ನಾಟಕಗಳಲ್ಲಿ ಬಿಳಿಯ ದೊರೆಯ ವೇಷದವನು ಟಸ್ಸು ಪುಸ್ಸು ಎಂದರೆ ಸಾಕು, ಜನ ಅದನ್ನು ಇಂಗ್ಲಿಷೆಂದೇ ತಿಳಿದು ನಗುತ್ತಿರಲಿಲ್ಲವೇ? ಆಕ್ಸಿರಿಂಕಸ್ಸಿನ ನಟನಿಗೂ ಅಷ್ಟೇ ಸಾಕಾಗಿದ್ದಿರಬಹುದು. ಆದರೆ ನಾವಿಕರ ಬಾಯಿಂದ ಕೇಳಿದ ನಾಲ್ಕು ನಿಜವಾದ ಪದಗಳನ್ನು ಅವನು ಆ ಗದ್ದಲದಲ್ಲಿ ಬೆರೆಸಿರಲಾರನೆಂದು ಹೇಳುವ ಧೈರ್ಯವೂ ಯಾರಿಗೂ ಇಲ್ಲ. ಶತಮಾನ ಕಳೆದರೂ ವ್ಯಾಜ್ಯ ತೀರ್ಮಾನವಾಗಿಲ್ಲ.

ಹಾಗಾದರೆ ಕನ್ನಡಿಗನು ಬರಿಗೈಯಲ್ಲಿ ಹಿಂದಿರುಗಬೇಕೇ? ಇಲ್ಲ. ನಿಶ್ಚಯವಾಗಿ ತಿಳಿದಿರುವುದೇ ಬೇಕಾದಷ್ಟಿದೆ. ಎರಡನೆಯ ಶತಮಾನದ ನಡುವಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿ ಬನವಾಸಿಯ ಹೆಸರನ್ನು ಬಲ್ಲವನಾಗಿದ್ದನು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತಗಳಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ಬೆರೆನೀಕೆಯ ಮರಳಿನಲ್ಲಿ, ಗುಡಿಯೊಂದರ ಆವರಣದಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಗುಡಾಣದೊಳಗೆ ಏಳೂವರೆ ಕಿಲೋ ಕರಿಮೆಣಸು ದೊರೆತಿದೆ. ತಮಿಳು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ ಮಡಕೆಯ ಚೂರುಗಳು ಕೆಂಪು ಸಮುದ್ರದ ಬಂದರುಗಳಲ್ಲಿ ಸಿಕ್ಕಿವೆ. ೨೦೨೨ರಲ್ಲಿ ಅದೇ ಬೆರೆನೀಕೆಯಲ್ಲಿ ಬುದ್ಧನ ವಿಗ್ರಹವೊಂದು ಹೊರಬಂದಿತು. ದಕ್ಷಿಣದ ಜನ ಆ ಮರಳಿನಲ್ಲಿ ನಡೆದಾಡಿದ್ದರು, ಉಂಡಿದ್ದರು, ಮಲಗಿದ್ದರು ಎಂಬುದರಲ್ಲಿ ಸಂಶಯವಿಲ್ಲ.

ಕನ್ನಡದ ಕುರುಹು ನಮ್ಮ ತೀರದಲ್ಲಿಯೇ ಏಕೆ ಉಳಿಯಲಿಲ್ಲ ಎಂದು ಕೇಳುವವರಿಗೆ ನಮ್ಮ ಮಳೆಯೇ ಉತ್ತರ ಹೇಳೀತು. ಕರಾವಳಿಯ ಆಷಾಢದಲ್ಲಿ ತಾಳೆಯೋಲೆಗೆ ಎಷ್ಟು ಆಯುಸ್ಸು? ಬೂಸಲು, ಗೆದ್ದಲು, ಹುಳು ಇವುಗಳ ಬಾಯಿಂದ ಉಳಿಯಬೇಕಾದರೆ ತಲೆಮಾರಿಗೊಮ್ಮೆ ಯಾರಾದರೂ ಕುಳಿತು ಪ್ರತಿ ಮಾಡಬೇಕು. ಹಾಗೆ ಯಾರೂ ಮಾಡದ ಗ್ರಂಥ ಮಣ್ಣುಪಾಲು. ಮುಂಗಾರು ಇಲ್ಲಿ ಭತ್ತವನ್ನೂ ಮೆಣಸನ್ನೂ ಬೆಳೆಸಿತು, ಹಡಗುಗಳನ್ನು ತಂದಿತು, ಬರಹವನ್ನು ಅಳಿಸಿತು. ಏನನ್ನೂ ಬೆಳೆಸದ ಮರಳುಗಾಡು ಅಲ್ಲಿ ಬೀದಿಯ ನಗೆಯಾಟವನ್ನು ಕೂಡ ಕಾಪಾಡಿಕೊಟ್ಟಿತು.

ಖರಿತಿಯೊನ್‌ಳ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಪ್ರಹಸನವಿದೆ. ಅದರ ನಾಯಿಕೆ ಮನೆಯೊಡತಿ. ಅವಳಿಗೆ ತನ್ನ ಗುಲಾಮ ಈಸೋಪನ ಮೇಲೆ ಮೋಹ. ಅವನಿಗೋ ಅಪೊಲೋನಿಯಾ ಎಂಬ ದಾಸಿಯ ಮೇಲೆ ಒಲವು. ಒಡತಿಯ ಬಯಕೆಗೆ ಅವನು ಮಣಿಯಲಿಲ್ಲ. ತನಗೆ ಸಿಗದುದು ಯಾರಿಗೂ ಬೇಡವೆಂದು ಅವಳು ಇಬ್ಬರನ್ನೂ ಕೊಲ್ಲಲು ಆಜ್ಞೆ ಮಾಡುತ್ತಾಳೆ. ಗಂಡನಿಗೂ ವಿಷವಿಡಲು ಹೊಂಚುತ್ತಾಳೆ. ಬೇಕೆಂದುದನ್ನು ಹೇಗಾದರೂ ಪಡೆಯಲೇಬೇಕೆಂಬ ಹಟವೂ ಒಂದು ಬಗೆಯ ಪ್ರೀತಿಯ ವೇಷದಲ್ಲಿಯೇ ಬರುತ್ತದೆ.

ಮುಂಬದಿಯ ಖರಿತಿಯೊನ್ ಬೇರೆ ಮಣ್ಣಿನವಳು. ಓಡಿಹೋಗುವ ಸಿದ್ಧತೆಯ ನಡುವೆ ವಿದೂಷಕನು ದೇವಿಯ ಕಾಣಿಕೆಗಳಲ್ಲಿ ಏನಾದರೂ ಕದಿಯೋಣವೆಂದು ಸೂಚಿಸುತ್ತಾನೆ. ಬೇಡವೆನ್ನಲು ಅವಳಿಗೆ ಯಾವ ಕಾರಣವಿತ್ತು? ಆ ದೇವಿ ಅವಳ ನಾಡಿನವಳಲ್ಲ. ಆ ಗುಡಿ ಅವಳ ಸೆರೆಮನೆ. ಆದರೂ ಅವಳು ಒಪ್ಪುವುದಿಲ್ಲ. ರಕ್ಷಣೆಯನ್ನು ಬೇಡುವವರು ದೇವರ ಸೊತ್ತನ್ನು ಕದಿಯಬಾರದು, ಕೆಡುಕು ಮಾಡುತ್ತ ಕರುಣೆ ಕೇಳಿದರೆ ದೇವತೆಗಳು ಹೇಗೆ ಕಿವಿಗೊಟ್ಟಾರು ಎಂಬುದು ಅವಳ ನಿಲುವು. ನಗೆಯಾಟದ ನಡುವೆ ಹೊಳೆಯುವ ಈ ಒಂದು ಮಾತಿನಿಂದಲೇ ಅವಳ ಹೆಸರು ಸಾರ್ಥಕವಾಯಿತು.

ನುಡಿಯ ಮೇಲಣ ಒಲುಮೆಯೂ ಒಲುಮೆಯೇ. ಅದಕ್ಕೂ ಈ ಎರಡು ದಾರಿಗಳುಂಟು. ಕನ್ನಡಕ್ಕೆ ೨೦೦೮ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತುದು ತನ್ನ ಕಲ್ಲುಗಳ, ಕಾವ್ಯಗಳ ಬಲದಿಂದ. ಅನುಮಾನದ ಒಡವೆಯನ್ನು ನಿಶ್ಚಯವೆಂದು ತೊಡಿಸಿದರೆ ತಾಯಿಯ ಶೋಭೆ ಹೆಚ್ಚುವುದಿಲ್ಲ. ನೋಡಿದವರು ಅವಳ ನಿಜವಾದ ಒಡವೆಗಳನ್ನೂ ಸಂಶಯಿಸಿಯಾರು. ಮಲ್ಪೆಯ ಮಗುವಿಗೋ ಮತ್ತಿಕೆರೆಯ ಮಗುವಿಗೋ ಈ ಕಥೆಯನ್ನು ಹೇಳುವ ತಂದೆತಾಯಂದಿರು ಮದ್ಯವನ್ನೂ ಕುಣಿತವನ್ನೂ ಹಡಗನ್ನೂ ಸೊಗಸಾಗಿ ವರ್ಣಿಸಲಿ. ವಿದೂಷಕನ ಅಸ್ತ್ರವನ್ನು ಹೇಳಿ ನಗಿಸಲಿ. ಅದು ಕನ್ನಡವೇ ಎಂದು ಮಗು ಕೇಳಿದಾಗ ಮಾತ್ರ, ಇರಬಹುದು, ಇನ್ನೂ ತಿಳಿದಿಲ್ಲ ಎನ್ನಲಿ. ಹಾಗೆ ಕೇಳಿಸಿಕೊಂಡ ಮಗುವೇ ಮುಂದೊಂದು ದಿನ ಗ್ರೀಕನ್ನೂ ಹಳಗನ್ನಡವನ್ನೂ ತುಳುವನ್ನೂ ಕಲಿತು ಆ ಹಾಳೆಯ ಮುಂದೆ ಕುಳಿತೀತು.